ಪಾಸ್ ಆದ ಕಾರಿನ ಹಳೆಯ ಪುಟಗಳು

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಭಾಗದ ಕನ್ನಡಿಗರು ಒಂದು ಭಾನುವಾರ ಸೇರಿದ್ದಾಗ ನಾನು ಆಡಿದ ಮಾತುಗಳು ಇವು. ಊಟ ಆದ ಮೇಲೆ ಅರ್ಧ ಗಂಟೆ ಮಾತಾಡಿ ಎಂದಿದ್ದರು. ಒಂದೂಕಾಲು ಗಂಟೆ ಆಯಿತು. ಆಮೇಲೆ ಕೆಲವರು ಬರೆದುಕೊಡಿ ಎಂದು ಕೇಳಿದರು. ಮಾತಿನಲ್ಲಿ ಬಂದ ಹಾಗೆಯೇ ಬರೆದಿದ್ದೇನೆ. ಒಂದೆರಡು ಕಡೆ ಅಂಕಿಗಳನ್ನು ಸರಿಯಾಗಿ ಸೇರಿಸಿದ್ದೇನೆ, ಅಷ್ಟೇ.

ಎಲ್ಲರಿಗೂ ನಮಸ್ಕಾರ.

ನಮ್ಮಪ್ಪ ದಾವಣಗೆರೆಯಲ್ಲಿ ಒಂದು ಲಾರಿ ಇಟ್ಟಿದ್ದರು. ಹಳೆಯ ಲಾರಿ, ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್, ಮಾಡಿಸಬೇಕು. ಎಫ್‌ಸಿಗೆ ಮುಂಚಿನ ವಾರ ಮನೆಯಲ್ಲಿ ಹಬ್ಬದ ಗಡಿಬಿಡಿ. ಬಣ್ಣ ಹೊಡೆಸುವುದು, ಉರಿಯದ ಬಲ್ಬ್ ಬದಲಿಸುವುದು, ಹಿಂದೆ ಕೆಂಪು ರಿಫ್ಲೆಕ್ಟರ್ ಹಚ್ಚುವುದು, ನಂಬರನ್ನು ಹೊಸದಾಗಿ ಬರೆಸುವುದು. ಒಂದು ವರ್ಷ ಕೈಯಲ್ಲಿ ದುಡ್ಡು ಇರಲಿಲ್ಲ. ಅಪ್ಪ ಸ್ನೇಹಿತರ ಲಾರಿಯಿಂದ ಎರಡು ಟೈರ್ ಕೇಳಿ ತಂದು ಮುಂದಕ್ಕೆ ಹಾಕಿದರು. ಎಫ್‌ಸಿ ಆಯಿತು. ಸಂಜೆ ಆ ಟೈರ್ ವಾಪಸ್ ಹೋದವು, ನಮ್ಮ ಬೋಳು ಟೈರ್ ಮತ್ತೆ ಬಂದವು. ನಾನಾಗ ಏಳನೇ ಕ್ಲಾಸು. "ಅಪ್ಪಾ, ಎಫ್‌ಸಿ ಆಗಿದ್ದು ಯಾವ ಲಾರಿಗೆ?" ಎಂದು ಕೇಳಿದೆ. ಅಪ್ಪ ಏನೂ ಹೇಳಲಿಲ್ಲ. ಆದರೆ ಆ ತಿಂಗಳು ಮುಗಿಯುವುದರೊಳಗೆ ಸಾಲ ಮಾಡಿ ಹೊಸ ಟೈರ್ ಹಾಕಿಸಿದರು.

ಆ ಪ್ರಶ್ನೆ ನನ್ನ ಜೊತೆ ಈ ದೇಶಕ್ಕೂ ಬಂತು. ಇವತ್ತಿನ ಮಾತು ಅದರ ಬಗ್ಗೆಯೇ: ಇಲ್ಲಿ ಗಾಡಿಗಳಿಗೆ ವರ್ಷಕ್ಕೊಮ್ಮೆ ನಡೆಯುವ ಎಂಒಟಿ ಎಂಬ ಪರೀಕ್ಷೆ, ಅದರ ಪಾಸ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು.

ನಾನು ಎಂಒಟಿ ಟೆಸ್ಟರ್ ಅಲ್ಲ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಕೆಲಸ ಬೇರೆ. ಆದರೆ ಶನಿವಾರ ಬಂದರೆ ಯಾವುದಾದರೂ ಹಳೆಯ ಕಾರಿನ ಕೆಳಗೆ ಮಲಗಿರುತ್ತೇನೆ. ಅದು ಗೊತ್ತಿರುವುದರಿಂದ ನಿಮ್ಮಲ್ಲಿ ತುಂಬಾ ಜನ ನನಗೆ ಫೋನ್ ಮಾಡುತ್ತೀರಿ. ಹೆಚ್ಚು ಕಡಿಮೆ ಎಲ್ಲರೂ ಕೇಳುವುದು ಒಂದೇ ಮಾತು: "ಅಣ್ಣಾ, ಒಂದು ಕಾರು ನೋಡಿದೀನಿ. ಎಂಒಟಿ ನಿನ್ನೆ ತಾನೇ ಪಾಸ್ ಆಗಿದೆ, ಪೂರ್ತಿ ಒಂದು ವರ್ಷ ಇದೆ. ತಗೋಬಹುದಾ?" ಅದು ಸಾಮಾನ್ಯ ಕಾರಾದರೆ ಉತ್ತರ ಸುಲಭ. ಆದರೆ ನಮ್ಮ ಹುಡುಗರು ಈಗ ಕೇಳುತ್ತಿರುವುದು ಇಪ್ಪತ್ತು ವರ್ಷ ಹಳೆಯ ಜೋರು ಕಾರುಗಳ ಬಗ್ಗೆ. ಚಿಕ್ಕಂದಿನಲ್ಲಿ ಗೋಡೆಗೆ ಅಂಟಿಸಿಕೊಂಡಿದ್ದ ಕಾರು ಈಗ ಕೈಗೆಟಕುವ ಬೆಲೆಗೆ ಸಿಗುತ್ತಿದೆ. ಆಸೆ ಆಗುವುದು ಸಹಜ, ನನಗೂ ಆಗಿತ್ತು.

ಎಂಒಟಿ ಎಂದರೆ ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್. ಆ ಹೆಸರಿನ ಸಚಿವಾಲಯ ಈಗ ಇಲ್ಲ, ಹೆಸರು ಮಾತ್ರ ಪರೀಕ್ಷೆಯ ಮೇಲೆ ಉಳಿದುಕೊಂಡಿದೆ. 1960ರಲ್ಲಿ ಅರ್ನೆಸ್ಟ್ ಮಾರ್ಪಲ್ಸ್ ಎಂಬುವರು ಸಾರಿಗೆ ಮಂತ್ರಿಯಾಗಿದ್ದಾಗ ಇದು ಶುರುವಾಯಿತು. ಮೊದಲು ಹತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ. ನೋಡುತ್ತಿದ್ದದ್ದು ಬ್ರೇಕ್, ಲೈಟ್, ಸ್ಟಿಯರಿಂಗ್. ಫೇಲ್ ಆದ ಗಾಡಿಗಳು ಎಷ್ಟು ಜಾಸ್ತಿ ಇದ್ದವೆಂದರೆ, ಮರುವರ್ಷವೇ ಏಳು ವರ್ಷ ದಾಟಿದವೂ ಬರಬೇಕು ಎಂದು ಮಾಡಿದರು. 1967ರಿಂದ ಮೂರು ವರ್ಷ. ಇವತ್ತಿಗೂ ಅದೇ ನಡೆಯುತ್ತಿದೆ. ನಮ್ಮ ಕಡೆ ಸ್ವಂತ ಕಾರಿಗೆ ಹದಿನೈದು ವರ್ಷದವರೆಗೆ ಎಮಿಷನ್ ಟೆಸ್ಟ್ ಬಿಟ್ಟು ಬೇರೆ ಏನೂ ಕೇಳುವುದಿಲ್ಲ. ಹಾಗಾಗಿ ಇಲ್ಲಿಗೆ ಬಂದ ಹೊಸತರಲ್ಲಿ ವರ್ಷ ವರ್ಷವೂ ಪರೀಕ್ಷೆ ಎಂದಾಗ ನಮಗೆ ಬಹಳ ಭರವಸೆ ಬರುತ್ತದೆ. ಸರ್ಕಾರವೇ ನೋಡಿ ಸೈ ಎಂದಿದೆ, ಇನ್ನೇನು ಬೇಕು ಅನಿಸುತ್ತದೆ.

ಆದರೆ ಸೈ ಎಂದಿರುವುದು ಯಾವುದಕ್ಕೆ? ಅದನ್ನು ನೋಡೋಣ.

ಒಂದು ಕಾರನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಬಿಎಂಡಬ್ಲ್ಯು ಎಂ3, ಇ46 ಮಾದರಿ. 2000ದಿಂದ 2006ರವರೆಗೆ ತಯಾರಾಗಿದ್ದು. ಇದನ್ನೇ ಯಾಕೆ ಆರಿಸಿದೆ ಅಂದರೆ, ನನಗೆ ಬರುವ ಫೋನುಗಳಲ್ಲಿ ಈ ಕಾರಿನ ಹೆಸರೇ ಹೆಚ್ಚು. ಅದ್ಭುತ ಕಾರು, ಅದರಲ್ಲಿ ಎರಡು ಮಾತಿಲ್ಲ. 3.2 ಲೀಟರಿನ ಆರು ಸಿಲಿಂಡರ್, ಸಾಲಾಗಿ ನಿಂತ ಎಂಜಿನ್, ಟರ್ಬೊ ಇಲ್ಲ. 8000 ಆರ್‌ಪಿಎಂವರೆಗೂ ಹಾಡುತ್ತಾ ಏರುತ್ತದೆ. 343 ಕುದುರೆ ಶಕ್ತಿ. ಮೀಟರಿನಲ್ಲಿ ಒಂದು ಚಂದದ ವ್ಯವಸ್ಥೆ ಇದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಆರ್‌ಪಿಎಂ ಮೀಟರಿನ ಮೇಲ್ಭಾಗದಲ್ಲಿ ಕಿತ್ತಳೆ ಬಣ್ಣದ ಚಿಕ್ಕ ಚಿಕ್ಕ ದೀಪಗಳು ಹತ್ತಿರುತ್ತವೆ. ಎಣ್ಣೆ ಬಿಸಿಯಾಗುತ್ತಾ ಹೋದ ಹಾಗೆ ಒಂದೊಂದೇ ಆರುತ್ತವೆ. ಈಗ ಇಷ್ಟು ಓಡಿಸು, ಈಗ ಇನ್ನೊಂದಿಷ್ಟು ಎಂದು ಕಾರೇ ನಮಗೆ ಹೇಳಿದ ಹಾಗೆ. ಮೊದಲ ಸಲ ನೋಡಿದಾಗ ನನಗೆ ಕಣ್ಣು ತುಂಬಿತ್ತು. ಯಾರೋ ಎಂಜಿನಿಯರು ಎಷ್ಟು ಪ್ರೀತಿಯಿಂದ ಯೋಚಿಸಿದ್ದಾರೆ ಅಲ್ವಾ?

ಈ ಕಾರನ್ನು ಬಲ್ಲವರೆಲ್ಲರಿಗೂ ಅದರ ಮೂರು ಕಾಯಿಲೆ ಗೊತ್ತು. ಮೊದಲನೆಯದು ಹಿಂಭಾಗದ ನೆಲ. ಹಿಂದಿನ ಚಕ್ರಗಳು, ಅವುಗಳಿಗೆ ಎಂಜಿನ್ ಶಕ್ತಿ ಹಂಚುವ ಡಿಫರೆನ್ಷಿಯಲ್ ಎಲ್ಲವನ್ನೂ ಹೊತ್ತ ಒಂದು ಚೌಕಟ್ಟು ಇರುತ್ತದೆ, ಸಬ್‌ಫ್ರೇಮ್ ಎನ್ನುತ್ತಾರೆ. ಅದು ನಾಲ್ಕು ಕಡೆ ಕಾರಿನ ನೆಲದ ತಗಡಿಗೆ ಬೋಲ್ಟ್ ಆಗಿರುತ್ತದೆ. ಎಂಜಿನ್ ಎಳೆದಾಗೆಲ್ಲ, ಬ್ರೇಕ್ ಒತ್ತಿದಾಗೆಲ್ಲ ಆ ನಾಲ್ಕು ಜಾಗವನ್ನು ಜಗ್ಗುತ್ತದೆ. ವರ್ಷಾನುಗಟ್ಟಲೆ ಜಗ್ಗಿ ಜಗ್ಗಿ ವೆಲ್ಡಿಂಗ್ ಚುಕ್ಕೆಗಳ ಸುತ್ತ ತಗಡು ಬಿರುಕು ಬಿಡುತ್ತದೆ. ಸರಿ ಮಾಡಬೇಕಾದರೆ ಇಡೀ ಹಿಂಭಾಗ ಕೆಳಗಿಳಿಸಿ, ಬಿರುಕು ಮುಚ್ಚಿ, ಮೇಲೆ ದಪ್ಪ ಪ್ಲೇಟ್ ವೆಲ್ಡ್ ಮಾಡಬೇಕು. ಸಾವಿರಾರು ಪೌಂಡಿನ ಕೆಲಸ.

ಎರಡನೆಯದು ಎಂಜಿನ್ ಒಳಗೆ ಕನೆಕ್ಟಿಂಗ್ ರಾಡಿನ ಬೇರಿಂಗ್. ಶುರುವಿನ ವರ್ಷಗಳ ಕಾರುಗಳನ್ನು ಕಂಪನಿಯೇ ವಾಪಸ್ ಕರೆಸಿ ಬೇರಿಂಗ್ ಬದಲಿಸಿಕೊಟ್ಟಿತ್ತು. ಅದು ಸವೆದು ಹಾಗೇ ಓಡಿಸಿದರೆ ಒಂದು ದಿನ ಎಂಜಿನ್ನೇ ಹೋಗುತ್ತದೆ. ಮೂರನೆಯದು ವ್ಯಾನೋಸ್. ವಾಲ್ವ್ ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ಭಾಗ ಅದು. ಸವೆದರೆ ಸದ್ದು ಬರುತ್ತದೆ, ಒಳಗೆ ಏನಾದರೂ ಮುರಿದರೆ ದೊಡ್ಡ ನಷ್ಟ. ಇದರ ಜೊತೆಗೆ ಈ ಎಂಜಿನ್ನಿನ ವಾಲ್ವ್ ಕ್ಲಿಯರೆನ್ಸ್ ಅನ್ನು ಸರ್ವಿಸ್‌ನಲ್ಲಿ ಕೈಯಿಂದಲೇ ಅಳೆದು ಸರಿ ಮಾಡಬೇಕು. ದುಬಾರಿ ಕೆಲಸವಾದ್ದರಿಂದ ಎಷ್ಟೋ ಜನ ಬಿಟ್ಟುಬಿಡುತ್ತಾರೆ.

ಈಗ ಹೇಳಿ, ಈ ಮೂರರಲ್ಲಿ ಎಂಒಟಿ ನೋಡುವುದು ಯಾವುದನ್ನು?

ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಇವುಗಳ ಸ್ಥಿತಿಯನ್ನು ಎಂಒಟಿ ನೋಡುವುದಿಲ್ಲ ಎಂದು ಸರ್ಕಾರವೇ ಸ್ಪಷ್ಟವಾಗಿ ಬರೆದಿದೆ. ಹಾಗಾಗಿ ಎರಡನೆಯದೂ ಮೂರನೆಯದೂ ಹೋದವು. ಹೊಗೆ ಅಳೆಯುತ್ತಾರೆ, ನಿಜ. ಸಾಮಾನ್ಯ ಮಿತಿ ಹೇಳುವುದಾದರೆ, ಎಂಜಿನ್ ಸ್ವಲ್ಪ ಏರಿಸಿಟ್ಟಾಗ ಕಾರ್ಬನ್ ಮೊನಾಕ್ಸೈಡ್ 0.2 ಶೇಕಡಾ, ಹೈಡ್ರೊಕಾರ್ಬನ್ 200 ಪಿಪಿಎಂ, ಗಾಳಿ ಮತ್ತು ಇಂಧನದ ಪ್ರಮಾಣ ತೋರಿಸುವ ಲ್ಯಾಂಬ್ಡಾ 0.97ರಿಂದ 1.03ರೊಳಗೆ. ಬೇರಿಂಗ್ ಸವೆದ ಎಂಜಿನ್ ಇದನ್ನು ನೆಮ್ಮದಿಯಾಗಿ ದಾಟುತ್ತದೆ. ಹೊಗೆಗೂ ಬೇರಿಂಗಿಗೂ ಏನು ಸಂಬಂಧ?

ಮೊದಲನೆಯದು, ಆ ನೆಲದ ಬಿರುಕು, ಎಂಒಟಿಯ ಲೆಕ್ಕಕ್ಕೆ ಬರುತ್ತದೆ. ಭಾರ ಹೊರುವ ಭಾಗ ಬಿರುಕು ಬಿಟ್ಟಿದ್ದರೆ ಫೇಲ್ ಮಾಡಬೇಕು. ಆದರೆ ಕಾಣಬೇಕಲ್ಲ. ಟೆಸ್ಟರ್ ಏನನ್ನೂ ಬಿಚ್ಚುವ ಹಾಗಿಲ್ಲ. ಸ್ಪ್ಯಾನರ್ ಹಿಡಿಯುವ ಹಾಗಿಲ್ಲ. ಡಿಕ್ಕಿಯ ಕಾರ್ಪೆಟ್ ಕಿತ್ತು ನೋಡುವ ಹಾಗಿಲ್ಲ. ಕೆಳಗಿನಿಂದ ನೋಡಿದರೆ ಸಬ್‌ಫ್ರೇಮೇ ಆ ಜಾಗವನ್ನು ಅರ್ಧ ಮುಚ್ಚಿರುತ್ತದೆ. ಅದರ ಮೇಲೆ ಯಾರಾದರೂ ತುಕ್ಕು ತಡೆಯಲು ಹಚ್ಚುವ ಕಪ್ಪು ಅಂಡರ್‌ಸೀಲ್ ಬಳಿದಿದ್ದರೆ ಮುಗಿಯಿತು. ಟೆಸ್ಟರ್ ಕಣ್ಣು ಎಷ್ಟೇ ಚುರುಕಾಗಿದ್ದರೂ ಕಾಣದ್ದನ್ನು ಬರೆಯಲು ಆಗುವುದಿಲ್ಲ.

ಇಲ್ಲಿ ಟೆಸ್ಟರುಗಳ ಪರವಾಗಿ ಒಂದು ಮಾತು ಹೇಳಲೇಬೇಕು. ಅವರಿಗೆ ಸಿಗುವುದು ಮುಕ್ಕಾಲು ಗಂಟೆ, ಒಂದು ಗಂಟೆ. ಕಾರಿಗೆ ಹೆಚ್ಚೆಂದರೆ 54.85 ಪೌಂಡ್ ತೆಗೆದುಕೊಳ್ಳಬಹುದು, ಎಷ್ಟೋ ಗ್ಯಾರೇಜು ಅದಕ್ಕಿಂತ ಕಡಿಮೆಗೆ ಮಾಡುತ್ತವೆ. ಅಷ್ಟರಲ್ಲಿ ಟೈರ್, ಬ್ರೇಕ್, ಲೈಟ್, ಸಸ್ಪೆನ್ಷನ್, ಸೀಟ್‌ಬೆಲ್ಟ್, ತುಕ್ಕು ಎಲ್ಲ ನೋಡುತ್ತಾರೆ. ಈ ದೇಶದ ರಸ್ತೆಯಲ್ಲಿ ಬೋಳು ಟೈರಿನ ಕಾರು ಅಪರೂಪಕ್ಕೆ ಕಾಣುತ್ತದೆ ಅಂದರೆ ಅದರಲ್ಲಿ ಅವರ ಪಾಲು ದೊಡ್ಡದು. ನಾನು ಹೇಳುತ್ತಿರುವುದು ಅವರ ತಪ್ಪನ್ನಲ್ಲ. ನಾವು ಆ ಕಾಗದಕ್ಕೆ ಕೇಳುತ್ತಿರುವ ಪ್ರಶ್ನೆಯೇ ಬೇರೆ. ಅದು "ಇವತ್ತು ಈ ಗಾಡಿ ರಸ್ತೆಗೆ ಇಳಿಯಬಹುದಾ?" ಎಂಬುದಕ್ಕೆ ಉತ್ತರ. ನಾವು ಕೇಳುವುದು "ಇದನ್ನು ಕೊಂಡರೆ ಕೈಸುಡುತ್ತದಾ?" ಎಂದು.

ಇನ್ನೊಂದು ವಿಷಯ. ಪಾಸ್ ಗೆರೆ ಒಂದೇ ಕಾಲದ ಎಲ್ಲ ಕಾರಿಗೂ ಒಂದೇ. 2010ರ ಸೆಪ್ಟೆಂಬರಿಗೆ ಮುಂಚಿನ ಕಾರಾದರೆ ಕಾಲಿನ ಬ್ರೇಕ್ ಕಾರಿನ ತೂಕದ 50 ಶೇಕಡಾದಷ್ಟು ಬಲ ತೋರಿಸಬೇಕು, ಹ್ಯಾಂಡ್‌ಬ್ರೇಕ್ 16 ಶೇಕಡಾ. ಎಡಬಲ ಚಕ್ರಗಳ ನಡುವಿನ ವ್ಯತ್ಯಾಸ 30 ಶೇಕಡಾ ದಾಟಬಾರದು. ಅಜ್ಜಿ ಅಂಗಡಿಗೆ ಹೋಗುವ ಚಿಕ್ಕ ಕಾರಿಗೂ ಇದೇ ಗೆರೆ, ಗಂಟೆಗೆ 250 ಕಿಲೋಮೀಟರ್ ಓಡುವ ಎಂ3ಗೂ ಇದೇ ಗೆರೆ. ಹೊಸದಿದ್ದಾಗ ಆ ಕಾರಿನ ಬ್ರೇಕ್ ಈ ಗೆರೆಗಿಂತ ಎಷ್ಟೋ ಮೇಲಿತ್ತು. ಅದು ಇಳಿದು ಇಳಿದು 55ಕ್ಕೆ ಬಂದು ನಿಂತಿದ್ದರೂ ಪಾಸೇ. ಶಾಕ್ ಅಬ್ಸಾರ್ಬರ್ ಕಥೆಯೂ ಅಷ್ಟೇ. ಎಣ್ಣೆ ಸೋರಿ ಪೂರ್ತಿ ಕೈಕೊಟ್ಟಿದ್ದರೆ ಮಾತ್ರ ಫೇಲ್. ಅರ್ಧ ಜೀವ ಇದ್ದರೆ ಪಾಸ್. ಸಾಮಾನ್ಯ ಕಾರಿಗೆ ಇದು ಸಾಕು. ಜೋರು ಕಾರಿಗೆ ಆ ಅರ್ಧ ಜೀವದ ಮೇಲೆಯೇ ಪ್ರಾಣ ನಿಂತಿರುತ್ತದೆ.

ತಾರೀಖಿನ ಆಟವೂ ಇದೆ. 2018ರ ಮೇ 20ರಿಂದ ಹೊಸ ನಿಯಮ ಬಂತು. ದೋಷಗಳನ್ನು ಡೇಂಜರಸ್, ಮೇಜರ್, ಮೈನರ್ ಎಂದು ವಿಂಗಡಿಸಿದರು. ಎಂಜಿನ್ ಎಚ್ಚರಿಕೆಯ ದೀಪ ಹತ್ತಿಕೊಂಡಿದ್ದರೆ ಫೇಲ್ ಎಂದೂ ಮಾಡಿದರು. ಆದರೆ ಪೆಟ್ರೋಲ್ ಕಾರಿಗೆ ಇದು ಅನ್ವಯಿಸುವುದು 2003ರ ಜುಲೈ 1 ಅಥವಾ ಅದರ ನಂತರ ರಸ್ತೆಗೆ ಬಂದಿದ್ದರೆ ಮಾತ್ರ. ಹಾಗಾಗಿ ಒಂದೇ ಮಾದರಿಯ ಎರಡು ಎಂ3 ತೆಗೆದುಕೊಳ್ಳಿ. ಒಂದು 2003ರ ಜೂನ್, ಇನ್ನೊಂದು ಆಗಸ್ಟ್. ಎರಡರಲ್ಲೂ ಎಂಜಿನ್ ದೀಪ ಉರಿಯುತ್ತಿದೆ. ಜೂನಿನ ಕಾರು ಪಾಸ್, ಆಗಸ್ಟಿನದು ಫೇಲ್. ಕಾಯಿಲೆ ಒಂದೇ, ಕಾಗದ ಬೇರೆ ಬೇರೆ.

ಟೈರಿನ ಬಗ್ಗೆ ನನ್ನದೇ ಒಂದು ಅನುಭವ ಹೇಳುತ್ತೇನೆ. ಈ ದೇಶಕ್ಕೆ ಬಂದ ಕೆಲವು ವರ್ಷಕ್ಕೆ ನಾನೊಂದು ಚಿಕ್ಕ ಜೋರು ಕಾರು ಕೊಂಡೆ. ಮಾರಿದವರ ಹೆಸರು ಬೇಡ, ಕಾರಿನ ಹೆಸರೂ ಬೇಡ. ಹೊಸ ಎಂಒಟಿ, ಒಂದೂ ಅಡ್ವೈಸರಿ ಇಲ್ಲ. ಅಡ್ವೈಸರಿ ಅಂದರೆ ಪಾಸ್ ಆದರೂ ಇದನ್ನು ಗಮನಿಸಿ ಎಂದು ಟೆಸ್ಟರ್ ಬರೆಯುವ ಸಾಲು. ಟೈರಿನ ಗ್ರೂವ್ ಆಳವಾಗಿತ್ತು, 7 ಮಿಲಿಮೀಟರ್ ಹತ್ತಿರ. ಕಾನೂನು ಕೇಳುವುದು 1.6 ಮಾತ್ರ. ಖುಷಿಯಾಗಿ ಮನೆಗೆ ತಂದೆ. ಎರಡನೇ ವಾರ ಮಳೆಯಲ್ಲಿ ಮೋಟರ್‌ವೇಯಿಂದ ಇಳಿದು ರೌಂಡ್‌ಅಬೌಟ್ ತಿರುಗುವಾಗ ಕಾರಿನ ಹಿಂಭಾಗ ಸುಮ್ನೆ ಜಾರಿ ಹೋಯಿತು. ನಾನು ಜೋರಾಗಿ ಓಡಿಸುತ್ತಿರಲಿಲ್ಲ. ಪಕ್ಕದಲ್ಲಿ ಹೆಂಡತಿ, ಹಿಂದೆ ಮಗು. ಕಾರು ಅಡ್ಡ ತಿರುಗಿ ನಿಂತಿತು. ಹಿಂದೆ ಯಾರೂ ಇರಲಿಲ್ಲ, ದೇವರ ದಯೆ.

ಮನೆಗೆ ಬಂದು ಟೈರಿನ ಪಕ್ಕದ ಗೋಡೆ ಓದಿದೆ. ಅಲ್ಲಿ ಡಾಟ್ ಎಂಬ ಗುರುತಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರ್ ಹನ್ನೊಂದು ವರ್ಷ ಹಳೆಯದು. ರಬ್ಬರ್ ಕಲ್ಲಾಗಿತ್ತು. ಕಾರು ಗ್ಯಾರೇಜಿನಲ್ಲಿ ನಿಂತಿದ್ದೇ ಜಾಸ್ತಿ, ಅದಕ್ಕೇ ಗ್ರೂವ್ ಸವೆದಿರಲಿಲ್ಲ. ಕಾರಿನ ಟೈರಿಗೆ ಎಂಒಟಿಯಲ್ಲಿ ವಯಸ್ಸಿನ ಮಿತಿ ಇಲ್ಲ. 2021ರ ಫೆಬ್ರವರಿಯಿಂದ ಲಾರಿ, ಬಸ್ಸುಗಳ ಮುಂದಿನ ಚಕ್ರಕ್ಕೆ ಹತ್ತು ವರ್ಷ ದಾಟಿದ ಟೈರ್ ಹಾಕುವಂತಿಲ್ಲ ಎಂದು ಮಾಡಿದ್ದಾರೆ. ಕಾರಿಗೆ ಆ ಮಾತಿಲ್ಲ. ಟೆಸ್ಟರ್ ಸರಿಯಾಗಿಯೇ ಪಾಸ್ ಮಾಡಿದ್ದರು. ಓದಬೇಕಾಗಿದ್ದವನು ನಾನು. ಇವತ್ತಿಗೂ ಆ ರೌಂಡ್‌ಅಬೌಟ್ ಹತ್ತಿರ ಬಂದರೆ ನನ್ನ ಹೆಂಡತಿ ಮೇಲಿನ ಹಿಡಿಕೆ ಹಿಡಿದುಕೊಳ್ಳುತ್ತಾಳೆ.

ಸರಿ, ಈಗ ಅಪ್ಪನ ಟೈರಿಗೆ ವಾಪಸ್ ಬರೋಣ.

ಇಲ್ಲಿಯೂ ಪರೀಕ್ಷೆಯ ದಿನದ ಕಾರು ಬೇರೆ, ಮರುದಿನದ ಕಾರು ಬೇರೆ ಆಗುವುದುಂಟು. ಜೋರು ಕಾರುಗಳಲ್ಲಿ ಇದು ಜಾಸ್ತಿ. ಸದ್ದಿಗಾಗಿ, ಶಕ್ತಿಗಾಗಿ ಕೆಲವರು ಸೈಲೆನ್ಸರಿನ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ತೆಗೆದು ಖಾಲಿ ಪೈಪ್ ಹಾಕುತ್ತಾರೆ. ಅದಕ್ಕೆ ಡಿಕ್ಯಾಟ್ ಎನ್ನುತ್ತಾರೆ. ಎಂಒಟಿ ಹತ್ತಿರ ಬಂದಾಗ ಹಳೆಯದನ್ನು ಮತ್ತೆ ಹಾಕುತ್ತಾರೆ, ಪಾಸ್ ಆದ ಮೇಲೆ ಮತ್ತೆ ತೆಗೆಯುತ್ತಾರೆ. ಇದಕ್ಕಿಂತ ಕೆಟ್ಟದ್ದೂ ಇದೆ. ಕಾರನ್ನು ನೋಡದೆಯೇ ಸರ್ಟಿಫಿಕೇಟ್ ಕೊಡುವುದು. ಗೋಸ್ಟ್ ಎಂಒಟಿ ಅಂತಾರೆ ಅದಕ್ಕೆ. ಡಿವಿಎಸ್‌ಎ ಎಂಬ ಸರ್ಕಾರಿ ಸಂಸ್ಥೆ ಇಂಥವರನ್ನು ಹುಡುಕಿ ಹಿಡಿಯುತ್ತದೆ, ಗಿರಾಕಿಗಳ ವೇಷದಲ್ಲಿಯೂ ಹೋಗಿ ನೋಡುತ್ತದೆ. ಆದರೂ ಮಾರುವವನು ಮಾರುವ ಹಿಂದಿನ ದಿನ, ತಾನೇ ಆರಿಸಿದ ಗ್ಯಾರೇಜಿನಲ್ಲಿ, ತಾನೇ ದುಡ್ಡು ಕೊಟ್ಟು ಮಾಡಿಸಿದ ಪಾಸ್‌ಗೆ ನಾವು ಎಷ್ಟು ಬೆಲೆ ಕೊಡಬೇಕು ಎಂದು ಯೋಚಿಸಿ.

ಪಾಸ್ ಶೇಕಡಾ ನೋಡಿ ಕಾರು ಆರಿಸುವವರಿಗೂ ಒಂದು ಮಾತು. ಡಿವಿಎಸ್‌ಎ ಪ್ರತಿ ವರ್ಷದ ಪರೀಕ್ಷೆಗಳ ಮಾಹಿತಿಯನ್ನು, ಮಾಲೀಕರ ಗುರುತು ಬಿಟ್ಟು, ಎಲ್ಲರಿಗೂ ತೆರೆದಿಟ್ಟಿದೆ. ಕೋಟಿಗಟ್ಟಲೆ ಪರೀಕ್ಷೆಗಳು. ಅದನ್ನು ಹಿಡಿದು ಯಾವ ಮಾದರಿ ಎಷ್ಟು ಶೇಕಡಾ ಪಾಸ್ ಎಂದು ಪಟ್ಟಿ ಮಾಡುತ್ತಾರೆ. ಅದರಲ್ಲಿ ಸ್ಪೋರ್ಟ್ಸ್ ಕಾರು ಮೇಲೆ, ಮನೆಮಂದಿ ಓಡಾಡುವ ಕಾರು ಕೆಳಗೆ ಇದ್ದರೆ ಆಶ್ಚರ್ಯಪಡಬೇಡಿ. ಸ್ಪೋರ್ಟ್ಸ್ ಕಾರು ಗಟ್ಟಿ ಎಂದು ಅದರ ಅರ್ಥವಲ್ಲ. ಅದನ್ನು ವರ್ಷಕ್ಕೆ ಎರಡು ಮೂರು ಸಾವಿರ ಮೈಲಿ ಓಡಿಸುತ್ತಾರೆ. ಚಳಿಗಾಲದಲ್ಲಿ ರಸ್ತೆಗೆ ಚೆಶೈರಿನ ವಿನ್ಸ್‌ಫರ್ಡ್ ಗಣಿಯ ಕಲ್ಲುಪ್ಪು ಚೆಲ್ಲುವಾಗ ಅದು ಹೊದಿಕೆ ಹೊದ್ದು ಒಳಗೆ ನಿಂತಿರುತ್ತದೆ. ಪರೀಕ್ಷೆಗೆ ಮುಂಚೆ ಅದನ್ನು ಬಲ್ಲ ಮೆಕ್ಯಾನಿಕ್ ಒಮ್ಮೆ ನೋಡಿರುತ್ತಾನೆ. ಇತ್ತ ಮಕ್ಕಳನ್ನು ಸ್ಕೂಲಿಗೆ ಬಿಡುವ ಕಾರು ಉರಿಯದ ಒಂದು ಬಲ್ಬಿನೊಂದಿಗೆ ನೇರವಾಗಿ ಹೋಗಿ ಫೇಲ್ ಆಗುತ್ತದೆ. ಫೇಲ್ ಆಗುವ ಕಾರಣಗಳಲ್ಲಿ ಲೈಟ್ ಮೊದಲ ಸಾಲಿನಲ್ಲಿದೆ. ಆ ಶೇಕಡಾ ಹೆಚ್ಚಾಗಿ ತೋರಿಸುವುದು ಮಾಲೀಕನ ಮುತುವರ್ಜಿಯನ್ನು. ಒಬ್ಬ ಮಾಲೀಕ ಕಾರು ಮಾರಿದ ದಿನ ಆ ಮುತುವರ್ಜಿ ಅವನ ಜೊತೆಯೇ ಹೋಗುತ್ತದೆ.

ಹಾಗಾದರೆ ಎಂಒಟಿಯಿಂದ ನಮಗೆ ಉಪಯೋಗವೇ ಇಲ್ವಾ? ಇದೆ, ಬಹಳ ಇದೆ. ನಾನು ಇವತ್ತು ಇಲ್ಲಿ ನಿಂತಿರುವುದೇ ಅದನ್ನು ಹೇಳಲು. ನೀವು ಇವತ್ತಿನ ಪಾಸ್ ನೋಡಬೇಡಿ. ಹಳೆಯ ಪುಟಗಳನ್ನು ಓದಿ.

2005ರಲ್ಲಿ ಎಂಒಟಿ ಕಂಪ್ಯೂಟರಿಗೆ ಬಂತು. ಅಲ್ಲಿಂದ ಈಚೆಗಿನ ಪ್ರತಿ ಪರೀಕ್ಷೆ ಸರ್ಕಾರದ ವೆಬ್‌ಸೈಟಿನಲ್ಲಿದೆ. ನಂಬರ್ ಪ್ಲೇಟ್ ಹಾಕಿದರೆ ಸಾಕು, ಕಾಸು ಕೊಡಬೇಕಿಲ್ಲ, ಕಾರು ನಿಮ್ಮದಾಗಿರಬೇಕೆಂದೂ ಇಲ್ಲ. ಯಾವ ದಿನ ಪರೀಕ್ಷೆ, ಎಷ್ಟು ಮೈಲಿ ಓಡಿತ್ತು, ಪಾಸೋ ಫೇಲೋ, ಯಾತಕ್ಕೆ ಫೇಲು, ಏನೇನು ಅಡ್ವೈಸರಿ, ಎಲ್ಲ. ಇ46ರ ಕೊನೆಯ ವರ್ಷಗಳ ಕಾರಾದರೆ ಅದರ ಮೊಟ್ಟಮೊದಲ ಎಂಒಟಿಯಿಂದಲೇ ಸಿಗುತ್ತದೆ. ಇಂಥ ದಾಖಲೆ ಎಷ್ಟು ದೇಶಗಳಲ್ಲಿ ಹೀಗೆ ಬೀದಿಯಲ್ಲಿ ಹೋಗುವವರಿಗೂ ಸಿಗುತ್ತದೆ ಹೇಳಿ! ಮಾರುವವನು ಒಂದು ದಿನದ ಕಾಗದವನ್ನು ಚೆಂದ ಮಾಡಬಹುದು. ಹದಿನೆಂಟು ವರ್ಷದ ದಿನಚರಿಯನ್ನು ತಿದ್ದಲು ಆಗುವುದಿಲ್ಲ.

ಓದುವುದು ಹೇಗೆ? ಒಂದು ನಿಜವಾದ ಸಂದರ್ಭ ಹೇಳುತ್ತೇನೆ. ನನ್ನ ಗೆಳೆಯರೊಬ್ಬರು ಎರಡು ಎಂ3 ನೋಡಿಟ್ಟಿದ್ದರು. ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಬೆಲೆ. ಮೊದಲನೆಯ ಕಾರಿನ ಕಳೆದ ನಾಲ್ಕು ವರ್ಷದ ಎಂಒಟಿ ಬಿಳಿ ಹಾಳೆಯ ಹಾಗೆ, ಒಂದೂ ಅಡ್ವೈಸರಿ ಇಲ್ಲ. ಎರಡನೆಯದಕ್ಕೆ ಪ್ರತಿ ವರ್ಷ ಎರಡೋ ಮೂರೋ ಅಡ್ವೈಸರಿ, ಒಂದು ಸಲ ಹ್ಯಾಂಡ್‌ಬ್ರೇಕ್ ಸಾಲದೆ ಫೇಲ್. ಗೆಳೆಯರ ಮನಸ್ಸು ಮೊದಲನೆಯದರ ಮೇಲೆ.

ಇಬ್ಬರೂ ಕೂತು ಹಿಂದಕ್ಕೆ ಓದುತ್ತಾ ಹೋದೆವು. ಮೊದಲನೆಯ ಕಾರಿಗೆ ಹತ್ತು ವರ್ಷದ ಹಿಂದೆ "ಹಿಂದಿನ ಎರಡೂ ಟೈರಿನ ಒಳ ಅಂಚು ಸವೆದಿದೆ" ಎಂದು ಬರೆದಿತ್ತು. "ಮುಂದಿನ ಲೋಯರ್ ಆರ್ಮ್ ಬುಷ್ ಹಾಳಾಗುತ್ತಿದೆ" ಎಂದೂ ಇತ್ತು. ಬುಷ್ ಅಂದರೆ ಸಸ್ಪೆನ್ಷನ್ನಿನ ಕೀಲಿನಲ್ಲಿರುವ ರಬ್ಬರ್. ಮರುವರ್ಷವೂ ಅವೇ ಎರಡು ಸಾಲು. ಅದರ ಮರುವರ್ಷವೂ. ಮೂರು ವರ್ಷ ಒಂದೇ ಮಾತು! ಆಮೇಲೆ ಒಂದು ದಿನ ಬೆಳಿಗ್ಗೆ ಫೇಲ್: ಹಿಂದಿನ ಸ್ಪ್ರಿಂಗ್ ಮುರಿದಿದೆ, ಬ್ರೇಕ್ ಪೈಪ್ ತುಕ್ಕು ಹಿಡಿದಿದೆ, ಬುಷ್ ಪೂರ್ತಿ ಹೋಗಿದೆ. ಅದೇ ಸಂಜೆ ಪಾಸ್, ಒಂದೂ ಸಾಲು ಇಲ್ಲ. ಮರುವರ್ಷ ನೋಡಿದರೆ ಅದೇ ಬುಷ್ ಮತ್ತೆ ಅಡ್ವೈಸರಿಗೆ ಬಂದಿದೆ. ಹೊಸ ಬುಷ್ ಒಂದೇ ವರ್ಷಕ್ಕೆ ಹಾಗಾಗುತ್ತದಾ? ಆಮೇಲೆ ಮೂರು ವರ್ಷ ಎಂಒಟಿಯೇ ಇಲ್ಲ. ಆಮೇಲೆ ಬಂದ ನಾಲ್ಕು ಪಾಸುಗಳ ನಡುವೆ ವರ್ಷಕ್ಕೆ ಮುನ್ನೂರು ಮೈಲಿ. ಆ ಬಿಳಿ ಹಾಳೆಗೆ ಅರ್ಥ ಈಗ ಬಂತು. ಓಡದ ಕಾರಿನ ಬಗ್ಗೆ ಏನು ಬರೆಯುತ್ತಾರೆ?

ಎರಡನೆಯ ಕಾರಿಗೂ ಅಡ್ವೈಸರಿ ಇದ್ದವು. ಆದರೆ ಒಮ್ಮೆ ಬಂದದ್ದು ಮರುವರ್ಷ ಬರುತ್ತಿರಲಿಲ್ಲ. ಬ್ರೇಕ್ ಡಿಸ್ಕ್ ಸವೆದಿದೆ ಎಂದು ಬರೆದರೆ ಮರುವರ್ಷ ಆ ಸಾಲು ಇಲ್ಲ, ಬೇರೆ ಯಾವುದೋ ಇದೆ. ವರ್ಷಕ್ಕೆ ಐದು ಸಾವಿರ ಮೈಲಿ ತಪ್ಪದೆ ಓಡಿದೆ. ಅಂದರೆ ಯಾರೋ ಒಬ್ಬರು ಅಡ್ವೈಸರಿಯನ್ನು ಓದಿ, ಮಾಡಿಸಿ, ಮತ್ತೆ ತಂದು ತೋರಿಸುತ್ತಿದ್ದರು. ಆ ಮಾಲೀಕರನ್ನು ನಾವು ನೋಡಿರಲಿಲ್ಲ. ಆದರೂ ಅವರ ಬಗ್ಗೆ ಗೌರವ ಬಂತು. ಗೆಳೆಯರು ಮೊದಲನೆಯ ಕಾರನ್ನೂ ಹೋಗಿ ನೋಡಿದರು. ಕೆಳಗೆಲ್ಲ ಹೊಸ ಕಪ್ಪು ಅಂಡರ್‌ಸೀಲ್, ಇನ್ನೂ ವಾಸನೆ ಹೋಗಿರಲಿಲ್ಲವಂತೆ. ಎರಡನೆಯದನ್ನು ಕೊಂಡರು.

ಓದುವಾಗ ಕೆಲವು ಕಡೆ ಅನ್ಯಾಯವಾಗಿ ಅನುಮಾನ ಪಡಬೇಡಿ. 2020ರಲ್ಲಿ ಕೋವಿಡ್ ಬಂದಾಗ ಮಾರ್ಚ್ 30ರಿಂದ ಜುಲೈ ಕೊನೆಯವರೆಗೆ ಮುಗಿಯುವ ಎಂಒಟಿಗಳನ್ನು ಸರ್ಕಾರವೇ ಆರು ತಿಂಗಳು ಮುಂದಕ್ಕೆ ಹಾಕಿತ್ತು. ಆ ವರ್ಷದ ಖಾಲಿ ಜಾಗ ಮಾಲೀಕನ ತಪ್ಪಲ್ಲ. ಕಾರನ್ನು ಸೋರ್ನ್ ಮಾಡಿ, ಅಂದರೆ ರಸ್ತೆಗೆ ತರುವುದಿಲ್ಲ ಎಂದು ಬರೆದುಕೊಟ್ಟು ನಿಲ್ಲಿಸಿದ್ದರೂ ಖಾಲಿ ಇರುತ್ತದೆ. ಮೈಲಿ ಒಂದು ವರ್ಷ ಸಟ್ಟನೆ ಹತ್ತು ಪಟ್ಟಾಗಿ ಮರುವರ್ಷ ಸರಿಯಾಗಿದ್ದರೆ ಯಾರೋ ಟೈಪ್ ಮಾಡುವಾಗ ತಪ್ಪಿದ್ದಾರೆ. ಆದರೆ ಮೈಲಿ ಇಳಿದು, ಅಲ್ಲಿಂದಲೇ ಮತ್ತೆ ಏರುತ್ತಾ ಹೋಗಿದ್ದರೆ ಯಾರೋ ಮೀಟರ್ ಹಿಂದಕ್ಕೆ ತಿರುಗಿಸಿರಬಹುದು, ಆ ಕಾರನ್ನು ಅಲ್ಲೇ ಬಿಡಿ.

ಎಂ3ನಲ್ಲಿ ಟೈರಿನ ಒಳ ಅಂಚು ಎಂಬ ಸಾಲು ಕಂಡರೆ ಬೆರಳಿಟ್ಟು ನಿಲ್ಲಿ. ಹಿಂದೆ 255 ಅಗಲದ ಟೈರ್. ಚಕ್ರ ಸ್ವಲ್ಪ ಒಳಕ್ಕೆ ವಾಲಿರುವುದು ಈ ಕಾರಿನ ಜಾಯಮಾನ, ಹಾಗಾಗಿ ಒಳ ಅಂಚು ಸ್ವಲ್ಪ ಬೇಗ ಸವೆಯುತ್ತದೆ. ಆದರೆ ವರ್ಷ ವರ್ಷವೂ ಅದೇ ಸಾಲು ಬಂದರೆ ಚಕ್ರಗಳ ಅಲೈನ್‌ಮೆಂಟ್ ಹೋಗಿದೆ, ಇಲ್ಲವೇ ಹಿಂದಿನ ಚಕ್ರ ಹಿಡಿದಿರುವ ಟ್ರೇಲಿಂಗ್ ಆರ್ಮಿನ ಬುಷ್ ಸಡಿಲವಾಗಿದೆ. ಇಲ್ಲವೇ ಅದೆಲ್ಲಕ್ಕೂ ಆಧಾರವಾದ ಆ ನೆಲವೇ ಅಲುಗಾಡುತ್ತಿರಬಹುದು. ಎಂಒಟಿ ನೆಲದ ಬಿರುಕನ್ನು ನೇರವಾಗಿ ತೋರಿಸಲಾರದು. ಅದು ಟೈರಿನ ಮೂಲಕ ಹೇಳುತ್ತಿರುತ್ತದೆ, ನಾವು ಕೇಳಿಸಿಕೊಳ್ಳಬೇಕು.

ಕೊನೆಗೆ ಕೆಲವು ಪ್ರಶ್ನೆ ಬಂದವು. ಒಬ್ಬ ಡಾಕ್ಟರು ಕೇಳಿದರು, "ಪಾಸ್ ಆಗಬಾರದ ಕಾರನ್ನು ಪಾಸ್ ಮಾಡಿದ್ದಾರೆ ಅಂತ ಆಮೇಲೆ ಗೊತ್ತಾದ್ರೆ?" ಡಾಕ್ಟ್ರೇ, ಡಿವಿಎಸ್‌ಎಗೆ ದೂರು ಕೊಡಬಹುದು. ಮೆಕ್ಯಾನಿಕಲ್ ದೋಷವಾದರೆ ಪರೀಕ್ಷೆಯಾದ 28 ದಿನದೊಳಗೆ, ತುಕ್ಕಾದರೆ ಮೂರು ತಿಂಗಳೊಳಗೆ. ಅಲ್ಲಿಯವರೆಗೆ ಆ ಭಾಗವನ್ನು ರಿಪೇರಿ ಮಾಡಿಸಬೇಡಿ, ಅವರು ಬಂದು ನೋಡಬೇಕು. ಡೀಲರ್ ಹತ್ತಿರ ಕೊಂಡಿದ್ದರೆ 2015ರ ಗ್ರಾಹಕ ಕಾನೂನಿನ ಪ್ರಕಾರ, ದೋಷವಿರುವ ಕಾರನ್ನು ಮೊದಲ 30 ದಿನದಲ್ಲಿ ವಾಪಸ್ ಕೊಡುವ ಹಕ್ಕೂ ಇದೆ. ಇನ್ನೊಂದು, ಎಂಒಟಿ ಇದೆ ಎಂದು ಅಪಾಯದ ಸ್ಥಿತಿಯ ಕಾರು ಓಡಿಸುವ ಹಾಗಿಲ್ಲ. 2,500 ಪೌಂಡ್‌ವರೆಗೆ ದಂಡ, ಲೈಸನ್ಸಿಗೆ ಮೂರು ಪಾಯಿಂಟ್. ಪೊಲೀಸರಿಗೆ ಪಾಸ್ ಕಾಗದ ತೋರಿಸಿದರೆ ನಡೆಯುವುದಿಲ್ಲ.

ಹಾಸನ ಕಡೆಯ ಒಬ್ಬ ಹುಡುಗ ಹಿಂದಿನ ಸಾಲಿನಿಂದ ಎದ್ದು ಬಂದ. ಮೊಬೈಲಿನಲ್ಲಿ ಒಂದು ಎಂ3ಯ ಪುಟ ತೆರೆದಿದ್ದ. "ಅಣ್ಣಾ, ಇದು 2005ರದ್ದು. ನೀವು ಹೇಳಿದ ಹಾಗೆ ಹಿಂದಕ್ಕೆ ಓದಿದೆ. ಆರು ವರ್ಷದ ಹಿಂದೆ ಒಳ ಅಂಚು ಎರಡು ಸಲ ಬಂದಿದೆ, ಆಮೇಲೆ ಒಮ್ಮೆಯೂ ಇಲ್ಲ. ಆದರೆ ವರ್ಷಕ್ಕೆ ನಾಲ್ಕು ಸಾವಿರ ಮೈಲಿ ಓಡ್ತಾ ಇದೆ. ಇದು ಒಳ್ಳೇದಾ, ಕೆಟ್ಟದ್ದಾ?" ನನಗೆ ತುಂಬಾ ಸಂತೋಷವಾಯಿತು. ಆ ವರ್ಷ ಯಾರೋ ಏನೋ ಮಾಡಿಸಿದ್ದಾರೆ. ಏನು ಎಂಬುದು ಎಂಒಟಿಯಲ್ಲಿ ಇರುವುದಿಲ್ಲ, ಬಿಲ್ಲಿನಲ್ಲಿ ಇರುತ್ತದೆ. ಕೇಳು ಅಂದೆ. ಅವನು ಹೊರಗೆ ಹೋಗಿ ಮಾರುವವರಿಗೆ ಫೋನ್ ಮಾಡಿದ. ಹತ್ತು ನಿಮಿಷಕ್ಕೆ ಒಂದು ಫೋಟೋ ಬಂತು. ಆರು ವರ್ಷದ ಹಿಂದಿನ ಬಿಲ್ಲು. ಹಿಂದಿನ ಸಬ್‌ಫ್ರೇಮ್ ಇಳಿಸಿ ನಾಲ್ಕೂ ಕಡೆ ಪ್ಲೇಟ್ ವೆಲ್ಡ್ ಮಾಡಿದ್ದು, ಹೊಸ ಬುಷ್, ಅಲೈನ್‌ಮೆಂಟ್.

ಬರುವ ಶನಿವಾರ ಇಬ್ಬರೂ ಹೋಗುತ್ತಿದ್ದೇವೆ. ಊರಿನ ಒಂದು ಗ್ಯಾರೇಜಿನಲ್ಲಿ ಅರ್ಧ ಗಂಟೆ ರ್ಯಾಂಪ್ ಕೇಳಿದ್ದೇವೆ. ಟಾರ್ಚ್ ನಾನು ತರುತ್ತೇನೆ. ಡಿಕ್ಕಿ ಕಾರ್ಪೆಟ್ ಎತ್ತಲು ಮಾರುವವರು ಒಪ್ಪಿದ್ದಾರೆ. ಒಂದೇ ಒಂದು ಕೋರಿಕೆ ಮಾಡಿದ್ದೇವೆ, ನಾವು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು. ತಣ್ಣಗಿರುವಾಗ ಬರುವ ಮೊದಲ ಸದ್ದು ಕೇಳಬೇಕು. ಆ ಕಿತ್ತಳೆ ದೀಪಗಳು ಒಂದೊಂದಾಗಿ ಆರುವುದನ್ನು ಹುಡುಗನೂ ನೋಡಬೇಕು.